ಕಡಲ ಬದಿಯ ವಿಲ್ಲಾದ ನಾಲ್ಕನೇ ದೂರು

2004ರ ಜೂನ್ ಎರಡು, ಬುಧವಾರ. ಸಂಜೆ ನಾಲ್ಕು ಮೂವತ್ತೆಂಟಕ್ಕೆ ಕತಾರಿನ ಉತ್ತರ ತುದಿಯ ಅಲ್ ಶಮಾಲ್ ಕಡೆಯ ಸಣ್ಣ ಪೊಲೀಸ್ ಠಾಣೆಯೊಂದರ ಫೋನು ರಿಂಗಾಯಿತು. ಪೇದೆ ಅವಧ್ ಎತ್ತಿಕೊಂಡ. ಎರಡು ಮಾತು ಕೇಳಿದವನೇ ರಿಸೀವರಿಗೆ ಕೈ ಅಡ್ಡ ಹಿಡಿದು, "ಬೋನಾ, ನಿನ್ನ ಊರಿನವನು. ವಿಲ್ಲಾಕ್ಕೆ ಬೆಂಕಿ ಬಿದ್ದಿದೆಯಂತೆ," ಎಂದ.

ಬೊನವೆಂಚರ್ ಅರ್ಧ ಟೈಪಾದ ಹೇಳಿಕೆಯನ್ನು ಹಾಗೇ ಬಿಟ್ಟು ಎದ್ದ.

ಅವನು ಪೊಲೀಸನಲ್ಲ, ಇಲಾಖೆಯ ಭಾಷಾಂತರಕಾರ. ಉಡುಪಿ ಕಡೆಯ ಶಿರ್ವದವನು, ನಲವತ್ತೊಂಬತ್ತು ವರ್ಷ. ಕತಾರಿಗೆ ಬಂದು ಹದಿನೈದು ವರ್ಷವಾಗಿತ್ತು. ಮೊದಲು ಒಂದು ವ್ಯಾಪಾರದ ಕಂಪೆನಿಯಲ್ಲಿ ಗುಮಾಸ್ತನಾಗಿದ್ದ. ಕಾಗದಪತ್ರ ಬರೆದೂ ಬರೆದೂ ಅರಬ್ಬಿ ಕೈಹತ್ತಿತು. ಹಿಂದಿ, ಮಲಯಾಳ, ಕನ್ನಡ, ತುಳು, ಕೊಂಕಣಿ ಎಲ್ಲವೂ ಬರುತ್ತದೆಂದು ಆರು ವರ್ಷದ ಹಿಂದೆ ಇಲಾಖೆಯವರು ತೆಗೆದುಕೊಂಡರು. ಭಾನುವಾರ ಮತ್ತು ಬುಧವಾರ ಮಧ್ಯಾಹ್ನದಿಂದ ರಾತ್ರಿ ಎಂಟರವರೆಗೆ ಈ ಉತ್ತರದ ಠಾಣೆ. ಉಳಿದ ದಿನ ಅಲ್ ರಯ್ಯಾನ್ ಠಾಣೆಯಲ್ಲಿ ಕೆಲಸ. ಮಗಳು ನಟಾಶಾಳ ಕಾಲೇಜಿಗೆಂದು ಹೆಂಡತಿ ವೆರೋನಿಕಾ ಎರಡು ವರ್ಷದ ಹಿಂದೆ ಮಂಗಳೂರಿಗೆ ಮನೆ ಮಾಡಿಕೊಂಡು ಹೋದ ಮೇಲೆ, ಅವನು ದೋಹಾದ ಅಲ್ ಮನ್ಸೂರಾದಲ್ಲಿ ಒಂದು ಹೋಟೆಲಿನ ಮೇಲಿನ ಕೋಣೆಯಲ್ಲಿದ್ದ. ಕೆಳಗೆ ಸಾಂಬಾರು ಕುದಿಯುವ ವಾಸನೆಯಿಂದಲೇ ಗಂಟೆ ಎಷ್ಟೆಂದು ಹೇಳಬಲ್ಲವನಾಗಿದ್ದ. ದಿನವಿಡೀ ಬೇರೆಯವರ ಮಾತನ್ನು ಒಂದು ಬಾಯಿಂದ ಇನ್ನೊಂದು ಕಿವಿಗೆ ದಾಟಿಸುವ ಕೆಲಸ. ಸ್ವಂತದ್ದೆಂದು ಆಡುವ ಮಾತು ಕಡಿಮೆಯಾಗಿ ಬಹಳ ದಿನವಾಗಿತ್ತು.

ಠಾಣೆಯ ಅಧಿಕಾರಿ ನಕೀಬ್ ಗಾನಿಮ್ ಆಗಲೇ ಜೀಪು ಹತ್ತಿದ್ದ. ನಕೀಬ್ ಎಂದರೆ ಕ್ಯಾಪ್ಟನ್. ನಮ್ಮೂರ ಲೆಕ್ಕದಲ್ಲಿ ಇನ್‌ಸ್ಪೆಕ್ಟರ್. ಮೂವತ್ತಾರರ ಕತಾರಿ, ಮಿತ ಮಾತಿನವನು. ಅಗ್ನಿಶಾಮಕದವರಿಗೆ ವೈರ್‌ಲೆಸ್‌ನಲ್ಲಿ ತಿಳಿಸಿ, "ಇದು ಎಷ್ಟನೇ ದೂರು?" ಎಂದು ಕೇಳಿದ.

"ನಾಲ್ಕನೆಯದು, ಸರ್."

ವಿಲ್ಲಾ ಠಾಣೆಯಿಂದ ಹನ್ನೊಂದು ಕಿಲೋಮೀಟರ್. ಏಳು ಕಿಲೋಮೀಟರ್ ಡಾಂಬರು, ಆಮೇಲೆ ಮರಳಿನ ಜಾಡು. ದೋಹಾದ ಒಬ್ಬ ದೊಡ್ಡ ವ್ಯಾಪಾರಿ ಮೆಡಿಟರೇನಿಯನ್ ಕಡಲ ತೀರದ ಮನೆಗಳನ್ನು ನೋಡಿ ಮರುಳಾಗಿ, ಅದೇ ಮಾದರಿಯಲ್ಲಿ 1998ರಲ್ಲಿ ಕಟ್ಟಿಸಿದ ರಜಾಮನೆ ಅದು. ಬಿಳಿ ಗೋಡೆ, ನೀಲಿ ಬಾಗಿಲು, ಕಡಲಿಗೆ ಮುಖ ಮಾಡಿದ ಈಜುಕೊಳ. ಮೂರು ವರ್ಷ ಪ್ರತಿ ಶುಕ್ರವಾರ ಅಲ್ಲಿ ಜಾತ್ರೆಯಂತೆ ಜನ ಇರುತ್ತಿದ್ದರಂತೆ. 2001ರಲ್ಲಿ ಯಜಮಾನ ಸ್ಪೇನಿನಲ್ಲಿ, ನಿಜವಾದ ಮೆಡಿಟರೇನಿಯನ್ ತೀರದಲ್ಲೇ, ಕೊಳವಿರುವ ಒಂದು ವಿಲ್ಲಾ ಕೊಂಡ. ಅಲ್ಲಿಂದೀಚೆಗೆ ಆ ಕುಟುಂಬ ಈ ಮನೆಯ ಬಾಗಿಲು ತೆರೆದಿಲ್ಲ. ಮಾರಲೂ ಇಲ್ಲ, ಮುಚ್ಚಲೂ ಇಲ್ಲ. ಕಾವಲಿಗೆ ಒಬ್ಬನನ್ನು ಬಿಟ್ಟಿದ್ದರು.

ಆ ಒಬ್ಬನೇ ತಾರಾನಾಥ. ಹೆಜಮಾಡಿಯವನು, ಐವತ್ತನಾಲ್ಕು ವರ್ಷ. ಬೊಂಬಾಯಿಯ ಒಂದು ಕ್ಲಬ್ಬಿನ ಈಜುಕೊಳದಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವನೆಂದು ಯಜಮಾನ ಹುಡುಕಿ ಕರೆಸಿಕೊಂಡಿದ್ದ. ಸಂಬಳ ತಪ್ಪದೆ ಬರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಒಂದು ವ್ಯಾನು ಬಂದು ಗೇಟಿನೊಳಗೆ ಸಾಮಾನಿಳಿಸಿ ಹೋಗುತ್ತಿತ್ತು. ಡ್ರೈವರ್ ಇಂಜಿನ್ ಕೂಡ ಆಫ್ ಮಾಡುತ್ತಿರಲಿಲ್ಲ.

ಮೊದಲನೇ ದೂರು ಮಾರ್ಚ್ 14ರದ್ದು: ಯಾರೋ ಕಲ್ಲೆಸೆದು ಕಿಟಕಿ ಗಾಜು ಒಡೆದಿದ್ದಾರೆ. ಹೋಗಿ ನೋಡಿದರೆ, ಗಾಳಿಗೆ ಹಾರಿದ ಹಂಚು ಬಡಿದಿತ್ತು. ಆವತ್ತು ಬೊನವೆಂಚರ್ ಹಿಂದಿಯಲ್ಲಿ ಹೆಸರು, ಊರು ಕೇಳಿ, ಹೆಜಮಾಡಿ ಎಂದೊಡನೆ ತುಳುವಿಗೆ ತಿರುಗಿದ್ದ. ತಾರಾನಾಥ ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಅವನ ಮಾತು ನಿಲ್ಲಲೇ ಇಲ್ಲ. ಹೊರಡುವಾಗ ಜೀಪಿನ ಬಾಗಿಲು ಹಿಡಿದುಕೊಂಡು, "ಶುಕ್ರವಾರ ನಿಮಗೆ ರಜೆಯಲ್ವಾ? ಊಟಕ್ಕೆ ಬನ್ನಿ ಮಾರಾಯ್ರೆ. ಮೀನು ಇಲ್ಲೇ ಸಿಗ್ತದೆ," ಎಂದ.

"ನೋಡುವ," ಎಂದಿದ್ದ ಬೊನವೆಂಚರ್. "ಎಂತಾದರೂ ಆದ್ರೆ ಠಾಣೆಗೆ ಫೋನ್ ಮಾಡಿ."

ಶುಕ್ರವಾರ ಅವನು ಹೋಗಲಿಲ್ಲ. ದೂರುದಾರರ ಮನೆಯಲ್ಲಿ ಠಾಣೆಯವರು ಉಣ್ಣಬಾರದೆಂದು ತನಗೆ ತಾನೇ ಹೇಳಿಕೊಂಡ. ನಿಜವೆಂದರೆ ನೂರು ಕಿಲೋಮೀಟರ್ ಕಾರು ಓಡಿಸಲು ಉದಾಸೀನವಾಗಿತ್ತು.

ಎರಡನೇ ದೂರು ಏಪ್ರಿಲ್ 21ಕ್ಕೆ: ಕೊಳದ ಕಟ್ಟೆಯ ಮೇಲೆ ಹೆಜ್ಜೆ ಗುರುತು, ನೀರಿನಲ್ಲಿ ತೇಲುವ ಒಂದು ರಬ್ಬರ್ ಚಪ್ಪಲಿ. ಮೂರನೆಯದು ಮೇ 9ಕ್ಕೆ: ಕೊಳದ ಪಂಪಿನ ವಯರು ಯಾರೋ ಕತ್ತರಿಸಿದ್ದಾರೆ. ಆ ದಿನ ಮನೆಯ ಮೂಲೆ ಮೂಲೆ ನೋಡಿ, ಸ್ಟೋರಿನ ಸಾಮಾನುಗಳ ಪಟ್ಟಿ ಸಮೇತ ಮಹಜರು ಮಾಡಿದ್ದರು. ಅರಬ್ಬಿಯಲ್ಲಿ ಅದಕ್ಕೆ ಮಹ್ದರ್ ಎನ್ನುತ್ತಾರೆ. ಊರಿನ ಪದವೇ ಇಲ್ಲಿ ಸಿಕ್ಕಿತಲ್ಲ ಎಂದು ಬೊನವೆಂಚರನಿಗೆ ಪ್ರತಿಸಲವೂ ಒಂದು ಸಣ್ಣ ಖುಷಿ.

ಐದು ಗಂಟೆ ಎರಡು ನಿಮಿಷಕ್ಕೆ ಜೀಪು ವಿಲ್ಲಾ ತಲುಪಿತು. ಬೆಂಕಿ ಆರಿಯಾಗಿತ್ತು. ಕೊಳದ ಪಕ್ಕದಲ್ಲಿ ಬಟ್ಟೆ ಬದಲಿಸಲೆಂದು ಮರದಿಂದ ಕಟ್ಟಿ ಖರ್ಜೂರದ ಗರಿ ಹೊದೆಸಿದ ಕೋಣೆಯೊಂದಿತ್ತು. ಅದು ಪೂರ್ತಿ ಸುಟ್ಟು, ಕಂಬಗಳಿಂದ ಹೊಗೆ ಏಳುತ್ತಿತ್ತು. ಮನೆಯ ಗೋಡೆ ಮಸಿಯಾಗಿತ್ತು, ಅಷ್ಟೇ. ತಾರಾನಾಥ ದೂರದಲ್ಲಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಕೊಳದ ಕಟ್ಟೆಯ ಮೇಲೆ ಅಪರಿಚಿತನೊಬ್ಬ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗಳನ್ನು ಮೊಣಕೈವರೆಗೆ ನೀರಿನಲ್ಲಿ ಮುಳುಗಿಸಿಕೊಂಡಿದ್ದ. ಅವನ ಪಕ್ಕದಲ್ಲಿ ಕರಕಲಾದ ಬಕೆಟ್ ಬಿದ್ದಿತ್ತು.

"ಯಾರು ನೀನು?" ನಕೀಬ್ ಕೇಳಿದ್ದನ್ನು ಬೊನವೆಂಚರ್ ಹಿಂದಿಯಲ್ಲಿ ಕೇಳಿದ. ಉತ್ತರ ಮಲಯಾಳದಲ್ಲಿ ಬಂತು.

"ಗೇಬ್ರಿಯಲ್, ಸಾರ್. ಕೊಲ್ಲಂನವನು. ರುವೈಸ್ ಬಂದರಿನಿಂದ ಬೋಟಿಗೆ ಹೋಗುವವನು."

"ಒಳಗೆ ಹೇಗೆ ಬಂದೆ?"

"ಗೋಡೆ ಹತ್ತಿ. ಬೋಟಿನಿಂದ ಹೊಗೆ ಕಂಡಿತು, ಸಾರ್."

"ಈ ಮೊದಲು ಒಳಗೆ ಬಂದಿದ್ದೆಯಾ?"

ಪ್ರಶ್ನೆಯನ್ನು ಎರಡನೇ ಸಲ ಕೇಳಬೇಕಾಯಿತು.

"ಬಂದಿದ್ದೇನೆ. ಎರಡು ಸಲ. ಸಿಹಿನೀರಿಗೆ. ಮನೆಯ ಹೊರಗೋಡೆಯಲ್ಲಿ ನಳ್ಳಿ ಉಂಟಲ್ಲ, ಅದರಿಂದ ಕ್ಯಾನ್ ತುಂಬಿಸಿಕೊಂಡು ಹೋದೆ."

"ಚಪ್ಪಲಿ?"

"ನನ್ನದೇ. ಕ್ಯಾನ್ ಹೊತ್ತು ಬೇಗ ಬೇಗ ಹೋಗುವಾಗ ಒಂದು ನೀರಿಗೆ ಬಿದ್ದುಹೋಯಿತು."

ಅವಧ್ ನಕೀಬನ ಮುಖ ನೋಡಿದ. ಹುಡುಕಬೇಕಾದವನು ತಾನಾಗಿ ಸಿಕ್ಕಿದ್ದ. ನಕೀಬ್ ತಾರಾನಾಥನ ಕಡೆ ತಿರುಗಿ, "ಬೆಂಕಿ ಹಚ್ಚಿದವನನ್ನು ನೋಡಿದೆಯಾ? ಇವನೇನಾ?" ಎಂದು ಕೇಳಿಸಿದ.

ತಾರಾನಾಥ ಗೇಬ್ರಿಯಲ್‌ನ ಕೈಗಳನ್ನು ನೋಡಿದ. ಚರ್ಮ ಎದ್ದು ಬಿಳುಚಿಕೊಂಡಿತ್ತು. ಬಹಳ ಹೊತ್ತು ನೋಡಿ, "ಹೊಗೆಯಲ್ಲಿ ಸರಿ ಕಾಣ್ಲಿಲ್ಲ," ಎಂದ. ಆಮೇಲೆ ನೆಲ ನೋಡುತ್ತಾ, "ಆಗಿರ್ಲಿಕ್ಕೂ ಸಾಕು," ಎಂದ.

ಬೊನವೆಂಚರ್ ಅದನ್ನು ಅರಬ್ಬಿಗೆ ದಾಟಿಸಿದ. ಇವನೇ ಇರಬಹುದು ಎಂಬ ಕೊನೆಯ ಮಾತು ಅರಬ್ಬಿಯಲ್ಲಿ ಹೇಳುವಾಗ ಸ್ವಲ್ಪ ಹೆಚ್ಚು ಖಚಿತವಾಯಿತೇನೋ ಎಂದು ಅವನಿಗೆ ಆಗಲೇ ಅನಿಸಿತ್ತು.

ಅಗ್ನಿಶಾಮಕದವರು ಬೂದಿಯಲ್ಲಿ ಥಿನ್ನರಿನ ವಾಸನೆಯಿದೆ ಎಂದರು. ಯಾರೋ ಬೇಕೆಂದೇ ಹಚ್ಚಿದ್ದು. ಸ್ಟೋರ್ ನೋಡಬೇಕೆಂದಾಗ ತಾರಾನಾಥ, ಬೀಗದಕೈ ಈ ಗಡಿಬಿಡಿಯಲ್ಲಿ ಎಲ್ಲಿಟ್ಟೆನೋ ಗೊತ್ತಿಲ್ಲ ಎಂದ. ಬೀಗ ಭದ್ರವಾಗಿಯೇ ಇತ್ತು. ಒಳಗೆ ಯಾರೂ ಹೋಗಿರಲಾರರೆಂದು ನಕೀಬ್ ಒತ್ತಾಯಿಸಲಿಲ್ಲ. ಥಿನ್ನರ್ ಬೋಟುಗಳಲ್ಲೂ ಇರುತ್ತದಲ್ಲ. ಬೊನವೆಂಚರ್ ಕೋಣೆಯಿಂದ ಕೋಣೆಗೆ ಹೋಗಿ ಕಂಡದ್ದೆಲ್ಲ ಬರೆದುಕೊಂಡ. ಮಂಚಗಳ ಮೇಲೆ ಬಿಳಿ ಹೊದಿಕೆ. ಅಡುಗೆಮನೆಯಲ್ಲಿ ಗ್ಯಾಸ್ ಆರಿಸಿದೆ, ಮುಚ್ಚಿಟ್ಟ ಪಾತ್ರೆಯಲ್ಲಿ ಕಲಸಿದ ಹಿಟ್ಟು. ಬಾಣಲೆಯಲ್ಲಿ ಎಣ್ಣೆ.

ನಕೀಬ್ ಯಜಮಾನನಿಗೆ ಸ್ಪೇನಿಗೆ ಫೋನ್ ಮಾಡಿದ. ಪಕ್ಕದಲ್ಲಿ ನಿಂತ ಬೊನವೆಂಚರನಿಗೂ ಕೇಳಿಸುವಷ್ಟು ಆ ಕಡೆ ಗದ್ದಲ. ಮಕ್ಕಳು ನೀರಿಗೆ ಧುಮುಕುವ ಸದ್ದು, ಕೇಕೆ, ಯಾರೋ ಯಾರನ್ನೋ ಕರೆಯುವುದು. "ಮನೆಗೆ ಏನೂ ಆಗಿಲ್ಲವಲ್ಲ? ಖಲಾಸ್," ಎಂದ ಯಜಮಾನ. "ಉಳಿದದ್ದು ನೀವು ನೋಡಿಕೊಳ್ಳಿ." ಕಾವಲಿನವನು ಹೇಗಿದ್ದಾನೆಂದು ಕೇಳಲಿಲ್ಲ.

ಏಳು ಗಂಟೆಗೆ ಗೇಬ್ರಿಯಲ್‌ನ ಕೈಗಳಿಗೆ ಬ್ಯಾಂಡೇಜು ಕಟ್ಟಿಸಿ ಲಾಕಪ್ಪಿಗೆ ಹಾಕಿದರು. ಬೋಟಿನ ಬೇರೆಯವರನ್ನು ಕೇಳಿದಾಗ, ಹೊಗೆ ಕಂಡು ಅವನು ಈಜಿಕೊಂಡು ಹೋದದ್ದು ನಿಜವೆಂದರು. ಆದರೆ ಅವರೆಲ್ಲ ಅವನ ಜತೆಗಾರರು. ಮಾತಿಗೆ ಬೆಲೆ ಬರಲಿಲ್ಲ.

---

ಜೂನ್ 6, ಭಾನುವಾರ. ಬೊನವೆಂಚರ್ ಹನ್ನೆರಡಕ್ಕೆ ಠಾಣೆಗೆ ಬಂದಾಗ ಮೇಜಿನ ಮೇಲೆ ಕಡತ ಕಾಯುತ್ತಿತ್ತು. ನಾಲ್ಕೂ ದೂರುಗಳ ಸಾರಾಂಶ ಸಿದ್ಧಪಡಿಸಬೇಕು. ಮಾರನೇ ದಿನ ಬೆಳಿಗ್ಗೆ ಗೇಬ್ರಿಯಲ್‌ನನ್ನೂ ಕಡತವನ್ನೂ ದೋಹಾಕ್ಕೆ ಕಳಿಸಬೇಕು. ಬೋಟಿನ ಮಾಲೀಕ ಆಗಲೇ ಅವನ ವೀಸಾ ರದ್ದು ಮಾಡಿಸಲು ಅರ್ಜಿ ತಂದುಕೊಟ್ಟು ಹೋಗಿದ್ದ.

ಅವನು ತಾರೀಖುಗಳನ್ನು ಟೈಪ್ ಮಾಡಿದ. ಮಾರ್ಚ್ 14, ಭಾನುವಾರ. ಏಪ್ರಿಲ್ 21, ಬುಧವಾರ. ಮೇ 9, ಭಾನುವಾರ. ಜೂನ್ 2, ಬುಧವಾರ. ಬೆರಳು ಅಲ್ಲಿ ನಿಂತಿತು.

"ಅವಧ್," ಎಂದ. "ವಿಲ್ಲಾದಿಂದ ಬೇರೆ ದಿನ ಫೋನ್ ಬರುವುದೇ ಇಲ್ಲವಾ?"

ಅವಧ್ ಚಹಾ ಕುಡಿಯುತ್ತಿದ್ದ. "ಬರದೆ ಏನು! ವಾರಕ್ಕೆ ಎರಡು ಮೂರು ಸಲ ಬರುತ್ತದೆ. 'ಬೋನಾ ಮೌಜೂದ್?' ಅನ್ನುತ್ತಾನೆ, ಬೋನಾ ಇದ್ದಾನಾ ಅಂತ. ಮಾಫಿ, ಇಲ್ಲ ಅಂದರೆ ಇಟ್ಟುಬಿಡುತ್ತಾನೆ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳುವುದು ಏನಿದೆ? ಅವನೇನೂ ದೂರು ಕೊಡಲಿಲ್ಲವಲ್ಲ."

ಬೊನವೆಂಚರ್ ಬುಧವಾರದ ಮಹಜರಿನ ಕಾಗದ ತೆಗೆದ. ತನ್ನದೇ ಕೈಬರಹ. *ಮುಚ್ಚಿಟ್ಟ ಪಾತ್ರೆಯಲ್ಲಿ ಕಲಸಿದ ಹಿಟ್ಟು.* ಅವನಿಗೆ ಈಗ ಆ ಪಾತ್ರೆ ಕಣ್ಣಿಗೆ ಕಟ್ಟಿತು. ಮುಚ್ಚಳ ಎತ್ತಿದಾಗ ಹುಳಿ ಮೊಸರಿನ ವಾಸನೆ, ಮೈದಾದ ಮೇಲೆ ಎದ್ದಿದ್ದ ಗುಳ್ಳೆಗಳು, ಹೆಚ್ಚಿ ಹಾಕಿದ ಹಸಿಮೆಣಸು, ತೆಂಗಿನಕಾಯಿಯ ಚೂರು. ಗೋಳಿಬಜೆಯ ಹಿಟ್ಟು. ಅವನ ತಾಯಿ ಅದನ್ನು ಮಧ್ಯಾಹ್ನದ ಊಟವಾದ ಕೂಡಲೇ ಕಲಸಿಡುತ್ತಿದ್ದಳು, ಸಂಜೆ ಬರುವ ನೆಂಟರಿಗೆಂದು. ಕನಿಷ್ಠ ಮೂರು ತಾಸು ನೆನೆಯದಿದ್ದರೆ ಅದು ಉಬ್ಬುವುದಿಲ್ಲ.

ಆ ಪಾತ್ರೆಯಲ್ಲಿ ಆರೇಳು ಜನರಿಗೆ ಆಗುವಷ್ಟು ಹಿಟ್ಟಿತ್ತು.

ಅವನು ಎದ್ದು ಹೋಗಿ ಲಾಕಪ್ಪಿನ ಮುಂದೆ ನಿಂತ. ಗೇಬ್ರಿಯಲ್ ಗೋಡೆಗೆ ಒರಗಿ, ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. "ನೀರು ಕೇಳದೆ ತೆಗೆದದ್ದು ತಪ್ಪು, ಸಾರ್," ಎಂದ. "ಆದರೆ ಕೇಳಲಿಕ್ಕೆ ಯಾರಿದ್ದರು? ಆ ಮನೆಯಲ್ಲಿ ಮನುಷ್ಯರಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ."

ಬೊನವೆಂಚರ್ ಮತ್ತೆ ಮೇಜಿಗೆ ಬಂದು ಕೂತ. ಹಿಟ್ಟಿನ ವಿಷಯ ಈ ಠಾಣೆಯಲ್ಲಿ ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ಅವನು ಬಾಯಿ ಮುಚ್ಚಿಕೊಂಡರೆ ಕಡತ ನಾಳೆ ಹೊರಟುಹೋಗುತ್ತದೆ. ಹೇಳಿದರೆ ತಾರಾನಾಥ ಜೈಲಿಗೆ. ಅದಕ್ಕಿಂತ ಮೊದಲು 'ಯಾಕೆ' ಎಂಬ ಪ್ರಶ್ನೆ ಬರುತ್ತದೆ, ಉತ್ತರದಲ್ಲಿ ತನ್ನ ಹೆಸರು ಬರುತ್ತದೆ. ಒಂದೂವರೆಯಿಂದ ಎರಡೂಕಾಲರವರೆಗೆ ಅವನು ಒಂದಕ್ಷರ ಟೈಪ್ ಮಾಡಲಿಲ್ಲ. ಆಮೇಲೆ ಕಾಗದ ಹಿಡಿದುಕೊಂಡು ನಕೀಬನ ಕೋಣೆಯ ಬಾಗಿಲು ತಟ್ಟಿದ.

"ಹಿಟ್ಟು?" ಎಂದ ನಕೀಬ್.

"ಹೌದು ಸರ್. ಒಂದು ತಿಂಡಿಯದ್ದು. ಬೆಂಕಿ ಬಿದ್ದದ್ದು ನಾಲ್ಕೂವರೆಗೆ. ಹಿಟ್ಟು ಕಲಸಿದ್ದು ಒಂದು ಗಂಟೆಯ ಆಸುಪಾಸಿಗೆ. ಸಂಜೆ ಜನ ಬರುತ್ತಾರೆಂದು ಅವನಿಗೆ ಮೊದಲೇ ಗೊತ್ತಿತ್ತು."

"ತಾನು ತಿನ್ನಲು ಮಾಡಿರಬಹುದು."

"ಅಷ್ಟನ್ನು ಒಬ್ಬ ತಿನ್ನಲಾರ."

ನಕೀಬ್ ನಗಲಿಲ್ಲ. ತಾರೀಖುಗಳನ್ನು ನೋಡಿದ, ಅವಧ್‌ನನ್ನು ಕರೆದು ಫೋನಿನ ವಿಷಯ ಅವನ ಬಾಯಿಂದಲೇ ಕೇಳಿದ. ಆಮೇಲೆ ಮೇ 9ರ ಮಹಜರು ತರಿಸಿ ಸ್ಟೋರಿನ ಪಟ್ಟಿಯ ಮೇಲೆ ಬೆರಳಾಡಿಸಿದ. ಥಿನ್ನರ್ ಡಬ್ಬ ಎರಡು, ಸೀಲು ಒಡೆದಿಲ್ಲ.

"ಯಲ್ಲಾ, ಹೊರಡಿ," ಎಂದು ಟೋಪಿ ಎತ್ತಿಕೊಂಡ. "ಸ್ಟೋರಿನ ಬೀಗ ಒಡೆಯುವ ಸಾಮಾನು ತೆಗೆದುಕೊಳ್ಳಿ."

---

ಒಡೆಯಬೇಕಾಗಲಿಲ್ಲ. ಮೂರೂಕಾಲಿಗೆ ಅವರು ಹೋದಾಗ ತಾರಾನಾಥ ಉದ್ದನೆಯ ಕೋಲಿನ ಬಲೆಯಿಂದ ಕೊಳದ ಮೇಲೆ ತೇಲುತ್ತಿದ್ದ ಬೂದಿ ತೆಗೆಯುತ್ತಿದ್ದ. ಜೀಪಿನಿಂದ ಬೊನವೆಂಚರ್ ಇಳಿದದ್ದು ಕಂಡು ಅವನ ಮುಖ ಅರಳಿತು. "ಬಂದ್ರಾ! ನಾನು ಫೋನೇ ಮಾಡ್ಲಿಲ್ಲವಲ್ಲ," ಎಂದ. ಆ ಸಂತೋಷದ ಮುಖವನ್ನು ನೋಡುವುದು ಬೊನವೆಂಚರನಿಗೆ ಆವತ್ತಿನ ಎಲ್ಲಕ್ಕಿಂತ ಕಷ್ಟವಾಯಿತು.

ಸ್ಟೋರಿನ ಬೀಗದಕೈ ಕೇಳಿದೊಡನೆ ತಾರಾನಾಥ ಸೊಂಟದಿಂದ ಬಿಚ್ಚಿ ಕೊಟ್ಟ. ಅದು ಅಲ್ಲೇ ಇತ್ತು, ಯಾವತ್ತೂ ಅಲ್ಲೇ ಇದ್ದದ್ದು. ಅವಧ್ ಒಳಗಿನಿಂದ ಎರಡು ಡಬ್ಬ ತಂದು ಕಟ್ಟೆಯ ಮೇಲಿಟ್ಟ. ಒಂದರ ಸೀಲು ಹಾಗೇ ಇತ್ತು. ಇನ್ನೊಂದು ಅರ್ಧ ಖಾಲಿ. ಹೊರಮೈಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೊದಲಿದ್ದ ಜಾಗದಲ್ಲೇ ಇಟ್ಟಿದ್ದರು.

"ಕೇಳು," ಎಂದ ನಕೀಬ್. "ಸ್ಟೋರಿನ ಬೀಗದಕೈ ಬೇರೆ ಯಾರ ಹತ್ತಿರ ಇದೆ?"

"ಯಾರ ಹತ್ತಿರವೂ ಇಲ್ಲ."

"ಬುಧವಾರ ಡಬ್ಬ ಯಾರು ತೆರೆದದ್ದು?"

ತಾರಾನಾಥ ಬಲೆಗೆ ಅಂಟಿದ ಬೂದಿಯನ್ನು ಕೊಡವಿದ.

"ಮಧ್ಯಾಹ್ನ ಹಿಟ್ಟು ಯಾರಿಗೆಂದು ಕಲಸಿದ್ದು?"

ಬೊನವೆಂಚರ್ ಅದನ್ನು ತುಳುವಿನಲ್ಲಿ ಕೇಳಿದ. ತಾರಾನಾಥ ಕೋಲನ್ನು ನಿಧಾನವಾಗಿ ಗೋಡೆಗೆ ಒರಗಿಸಿಟ್ಟ. ಜಾರಿತು. ಮತ್ತೆ ಸರಿಯಾಗಿ ನಿಲ್ಲಿಸಿದ.

"ಆ ಮನುಷ್ಯನ ಕೈ ಹೇಗುಂಟು?" ಎಂದು ಕೇಳಿದ.

"ಎಡಗೈ ವಾಸಿಯಾಗ್ತದೆ. ಬಲಗೈಯ ಎರಡು ಬೆರಳು ಮಡಚ್ಲಿಕ್ಕೆ ಬರ್ಲಿಕ್ಕಿಲ್ಲ ಅಂತ ಡಾಕ್ಟರ್ ಹೇಳಿದ್ರು. ನಾಳೆ ಅವನನ್ನು ದೋಹಾಕ್ಕೆ ಕಳಿಸ್ತಾರೆ. ವೀಸಾ ರದ್ದಾಗ್ತದೆ. ಅವನಿಗೆ ಎರಡು ಹೆಣ್ಣು ಮಕ್ಕಳು."

ಇದು ನಕೀಬ್ ಕೇಳಿಸಿದ ಪ್ರಶ್ನೆಯಾಗಿರಲಿಲ್ಲ. ಆದರೆ ಅವನು ಅಡ್ಡ ಬರಲಿಲ್ಲ.

ತಾರಾನಾಥ ಕಟ್ಟೆಯ ಮೇಲೆ ಕೂತುಬಿಟ್ಟ. "ಅವನು ಬರ್ತಾನೆ ಅಂತ ನನಗೆ ಹೇಗೆ ಗೊತ್ತು ಹೇಳಿ," ಎಂದ. "ಮೂರು ವರ್ಷದಲ್ಲಿ ನನ್ನನ್ನು ನೋಡ್ಲಿಕ್ಕೆ ಅಂತ ಒಬ್ಬನಾದ್ರೂ ಆ ಗೋಡೆ ಹತ್ತಿ ಬಂದದ್ದುಂಟಾ? ಆ ಗರಿಯ ಕೋಣೆ ಸುಟ್ರೆ ಸಾಕು, ಮನೆಗೆ ಹತ್ತುದಿಲ್ಲ ಅಂತ ಗಾಳಿ ನೋಡಿಯೇ ಹಚ್ಚಿದ್ದು. ಅಷ್ಟರಲ್ಲಿ ಗಾಳಿ ತಿರುಗಿತು. ನಾನು ಹೆದರಿ ನಿಂತೆ. ಅವನು ಬಕೆಟಲ್ಲಿ ನೀರು ಹೊಯ್ದ. ನನಗೆ ಕೈಕಾಲೇ ಆಡ್ಲಿಲ್ಲ."

"ಮತ್ತೆ ಅವನೇ ಆಗಿರಬಹುದು ಅಂತ ಯಾಕೆ ಹೇಳಿದಿರಿ?"

"ಹೆದರಿಕೆ." ಅವನು ಮುಖ ಒರೆಸಿಕೊಂಡ. "ನಾಲ್ಕು ದಿನ ನಿದ್ದೆ ಮಾಡ್ಲಿಲ್ಲ ಬೊನವೆಂಚರ್ರೆ. ನಿಮಗೆ ಫೋನ್ ಮಾಡಿ ಹೇಳುವ ಅಂತ ರಿಸೀವರ್ ಎತ್ತುದು, ಇಡುದು. ಇವತ್ತು ಭಾನುವಾರ, ನೀವು ಇರ್ತೀರಿ ಅಂತ ಗೊತ್ತಿತ್ತು. ಆದ್ರೂ ಆಗ್ಲಿಲ್ಲ."

"ಪಂಪಿನ ವಯರು?"

"ನಾನೇ ಕತ್ತರಿಸಿದ್ದು. ಚಪ್ಪಲಿ ಸಿಕ್ಕಿದ್ದು ನಿಜ. ಹೆಜ್ಜೆ ಗುರುತು ಮಾತ್ರ ನನ್ನದು, ಎರಡು ಸಲ ನಡೆದು ಮಾಡಿದ್ದು. ಕಿಟಕಿಯದ್ದು ದೇವರಾಣೆಗೂ ನಿಜ, ಆವತ್ತು ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು."

ನಕೀಬ್ ಬೊನವೆಂಚರನಿಗೆ, "ಯಾಕೆ ಎಂದು ಕೇಳು," ಎಂದ. "ಯಜಮಾನನ ಮೇಲೆ ಸಿಟ್ಟಾ? ಕುಡಿತವಾ?"

ಬೊನವೆಂಚರ್ ಕೇಳಿದ. ತನಗೆ ಗೊತ್ತಿದ್ದ ಉತ್ತರವನ್ನು ಇನ್ನೊಬ್ಬರ ಬಾಯಿಂದ ಕೇಳಬೇಕಾದ ಕೆಲಸ ಅವನಿಗೆ ಹಿಂದೆಂದೂ ಬಂದಿರಲಿಲ್ಲ.

"ನೀವೇ ಹೇಳಿದ್ದಲ್ವಾ," ಎಂದ ತಾರಾನಾಥ, ದೂರುವ ದನಿಯಲ್ಲಲ್ಲ, ನೆನಪು ಮಾಡಿಕೊಡುವವನಂತೆ. "ಎಂತಾದರೂ ಆದ್ರೆ ಫೋನ್ ಮಾಡಿ ಅಂತ. ಎಂತದೂ ಆಗ್ಲಿಲ್ಲ ಮಾರಾಯ್ರೆ. ಇಲ್ಲಿ ಎಂತದೂ ಆಗುದಿಲ್ಲ. ಬೆಳಿಗ್ಗೆ ಆಗ್ತದೆ, ನೀರಿಗೆ ಕ್ಲೋರಿನ್ ಹಾಕುದು, ಕಸ ತೆಗೆಯುದು. ಸಂಜೆ ಆಗ್ತದೆ. ಒಂದು ದಿನ ನನ್ನ ಸ್ವರ ನನಗೇ ಬೇರೆ ಯಾರದ್ದೋ ಅಂತ ಕಂಡಿತು. ನೀವು ಬಂದು ಹೋದ ಮೇಲೆ ನಾಲ್ಕೈದು ದಿನ ಪರವಾಗಿಲ್ಲ, ಆ ಮಾತೇ ನೆನಪು ಮಾಡ್ತಾ ಇರಬಹುದು. ಆಮೇಲೆ ಮತ್ತೆ ಶುರು."

"ಏನಂದ?" ನಕೀಬ್ ಕೇಳಿದ.

ಬೊನವೆಂಚರ್ ಒಂದೂ ಬಿಡದೆ ಹೇಳಿದ. ಅರಬ್ಬಿಯಲ್ಲಿ ಅದು ಚಿಕ್ಕದಾಗಿ ಮುಗಿಯಿತು.

"ಫೋನ್ ಮಾಡು ಎಂದವನು ಯಾರು?"

"ನಾನು, ಸರ್."

ನಕೀಬ್ ಕೊಳವನ್ನು, ಅದರಾಚೆಯ ಕಡಲನ್ನು ನೋಡಿದ. "ಬರಿ," ಎಂದ. "ಅವನು ಹೇಳಿದ ಹಾಗೇ ಬರಿ."

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತಾರಾನಾಥನನ್ನು ಬಂಧಿಸಲಾಯಿತು. ಅವಧ್ ಕೋಳ ಹಾಕಲು ಬಂದಾಗ ಅವನು, "ಒಂದು ನಿಮಿಷ," ಎಂದು ಒಳಗೆ ಹೋಗಿ ಗ್ಯಾಸಿನ ಸಿಲಿಂಡರ್ ಬಂದ್ ಮಾಡಿ ಬಂದ.

ಸಂಜೆ ಏಳರ ಹೊತ್ತಿಗೆ ಹೇಳಿಕೆ ಸಿದ್ಧವಾಯಿತು. ಕಾರಣ ಎಂಬ ಕಾಲಂನಲ್ಲಿ ಬೊನವೆಂಚರ್ ಬರೆದ: *ಆರೋಪಿ ಮೂರು ವರ್ಷದಿಂದ ಒಬ್ಬನೇ ಇದ್ದ. ಠಾಣೆಯ ಭಾಷಾಂತರಕಾರ ಬೊನವೆಂಚರ್ ತನ್ನ ಭಾಷೆ ಆಡುವವನೆಂದು, ಅವನು ಬರಲೆಂದು, ದೂರುಗಳನ್ನು ಸೃಷ್ಟಿಸಿದ.* ಕೆಳಗೆ ಭಾಷಾಂತರಕಾರನ ಸಹಿಯ ಜಾಗದಲ್ಲಿ ಅದೇ ಹೆಸರನ್ನು ಮತ್ತೊಮ್ಮೆ ಬರೆದು ಸಹಿ ಹಾಕಿದ. ನಕೀಬ್ ಓದಿ, ಏನೂ ತಿದ್ದದೆ ಮೊಹರು ಒತ್ತಿದ.

ಎಂಟು ಗಂಟೆಗೆ ಗೇಬ್ರಿಯಲ್‌ನನ್ನು ಬಿಟ್ಟರು. ಬೋಟಿನ ಮಾಲೀಕನಿಗೆ ನಕೀಬನೇ ಫೋನ್ ಮಾಡಿ, ವೀಸಾದ ಅರ್ಜಿಯನ್ನು ವಾಪಸು ತೆಗೆದುಕೊಂಡು ಹೋಗಲು ಹೇಳಿದ. ಮಾಲೀಕ ಒಪ್ಪಿದನಾದರೂ, ಬೆರಳು ಮಡಚಲು ಬಾರದವನು ಬಲೆ ಎಳೆಯುವುದು ಹೇಗೆಂದು ಕೇಳಿದ.

---

ಸೋಮವಾರ ಬೊನವೆಂಚರ್ ರಜೆ ಹಾಕಿ, ಬೆಳಿಗ್ಗೆ ಎಂಟಕ್ಕೇ ಉತ್ತರಕ್ಕೆ ಕಾರು ಬಿಟ್ಟುಕೊಂಡು ಬಂದ. ದೋಹಾದ ವ್ಯಾನು ಹತ್ತು ಗಂಟೆಗೆ ಬರುವುದಿತ್ತು. ಲಾಕಪ್ಪಿನಲ್ಲಿ ತಾರಾನಾಥ ನಿದ್ದೆ ಮಾಡಿ ಎದ್ದವನಂತೆ ಕಂಡ. ಮುಖದಲ್ಲಿ ಎಷ್ಟೋ ದಿನದ ಭಾರ ಇಳಿದಿತ್ತು.

"ಎಷ್ಟು ಸಮಯ ಆಗಬಹುದು?" ಎಂದು ಕೇಳಿದ.

"ನಕೀಬ್ ಹೇಳುವ ಪ್ರಕಾರ ಒಂದು ವರ್ಷದೊಳಗೆ. ಆಮೇಲೆ ಊರಿಗೆ ಕಳಿಸ್ತಾರೆ."

"ಹೆಂಡತಿಗೆ ತಿಳಿಸ್ಬೇಕಲ್ಲ." ಅವನು ಒಂದು ಫೋನ್ ನಂಬರು ಹೇಳಿದ. "ನನ್ನಿಂದ ಆಗುದಿಲ್ಲ. ನೀವೇ ಮಾತಾಡಿ. ಎಷ್ಟು ಬೇಕೋ ಅಷ್ಟೇ ಹೇಳಿ."

ಬೊನವೆಂಚರ್ ಠಾಣೆಯ ಹೊರಗೆ, ಗೋಡೆಯ ನೆರಳಿನಲ್ಲಿ ನಿಂತು ಮೊಬೈಲಿನಿಂದ ಹೆಜಮಾಡಿಗೆ ಫೋನ್ ಮಾಡಿದ. ಆ ಕಡೆ ಎತ್ತಿದವಳು ವಾರಿಜಾಕ್ಷಿ, ತಾರಾನಾಥನ ಹೆಂಡತಿ. ಅವನು ತಾನು ಯಾರೆಂದು ಹೇಳಿ, ಮನೆಯಲ್ಲಿ ಸಣ್ಣ ಬೆಂಕಿ ಅನಾಹುತವಾಗಿದೆ, ಪೊಲೀಸು ಕೇಸಾಗಿದೆ, ತಾರಾನಾಥನಿಗೆ ಪೆಟ್ಟೇನೂ ಆಗಿಲ್ಲ, ಸ್ವಲ್ಪ ಸಮಯ ಫೋನ್ ಮಾಡಲು ಬಿಡಲಿಕ್ಕಿಲ್ಲ ಎಂದ.

"ಬೆಂಕಿಯಾ?" ಎಂದಳು ಅವಳು. "ಅಷ್ಟು ಜನ ಇರುವ ಮನೆಯಲ್ಲಿ ಬೆಂಕಿ ಬಿದ್ದದ್ದು ಯಾರೂ ನೋಡ್ಲಿಲ್ವಾ?"

ಬೊನವೆಂಚರ್ ಮೊಬೈಲನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಯಾವಾಗ ಫೋನ್ ಮಾಡಿದ್ರೂ ಅವರಿಗೆ ಪುರುಸೊತ್ತೇ ಇಲ್ಲ," ಎಂದು ಅವಳು ಮುಂದುವರಿಸಿದಳು. "ಯಜಮಾನರ ಮಕ್ಕಳು, ಮೊಮ್ಮಕ್ಕಳು, ಬಂದು ಹೋಗುವವರು. ಶುಕ್ರವಾರ ಆದ್ರೆ ನಲವತ್ತು ಜನಕ್ಕೆ ಕಡಿಮೆ ಇ‌ಲ್ಲ ಅಂತ. ಎಲ್ಲ ಮಕ್ಕಳಿಗೂ ಇವರೇ ಈಜು ಕಲಿಸುದಂತೆ. ಇವರಿಲ್ಲದಿದ್ರೆ ಅಲ್ಲಿ ಆಗುದಿಲ್ಲ, ಅದಕ್ಕೇ ಊರಿಗೆ ಬರ್ಲಿಕ್ಕೆ ರಜೆ ಕೇಳುದಿಲ್ಲ ಅಂತ ಹೇಳ್ತಿದ್ರು." ಅವಳ ದನಿ ಇದ್ದಕ್ಕಿದ್ದಂತೆ ಗಾಬರಿಯಾಯಿತು. "ಸಫಿಯಾ ಅಂತ ಒಂದು ಸಣ್ಣ ಮಗು ಉಂಟಲ್ಲ? ನೀರು ಕಂಡ್ರೆ ಹೆದರುದು, ಇವರ ಕೈ ಬಿಡುದೇ ಇಲ್ಲ ಅಂತ ಯಾವಾಗಲೂ ಹೇಳ್ತಿರ್ತಾರೆ. ಆ ಮಗುವಿಗೆ ಎಂತಾದರೂ ಆಯ್ತಾ? ಸರಿಯಾಗಿ ಹೇಳಿ."

ಮೂರು ವರ್ಷದಿಂದ ಆ ಕೊಳಕ್ಕೆ ಒಂದು ಮಗುವೂ ಇಳಿದಿರಲಿಲ್ಲ. ಬೊನವೆಂಚರ್ ಗೋಡೆಗೆ ಒರಗಿಕೊಂಡ. ದೂರದ ರಸ್ತೆಯಲ್ಲಿ ದೋಹಾದ ವ್ಯಾನು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಭಾಷಾಂತರದ ಆರು ವರ್ಷದಲ್ಲಿ ಅವನು ಯಾರ ಮಾತಿಗೂ ಒಂದು ಪದ ಸೇರಿಸಿದವನಲ್ಲ.

"ಇಲ್ಲ ಅಮ್ಮ," ಎಂದ. "ಸಫಿಯಾಗೆ ಎಂತದೂ ಆಗ್ಲಿಲ್ಲ."

"ಈಜು ಬಂತಾ ಅದಕ್ಕೆ?"

"ಬಂತು," ಎಂದ ಬೊನವೆಂಚರ್. "ಚೆನ್ನಾಗಿ ಬಂತು."